ಎಂಟು ಪ್ರಶ್ನೆ, ಒಂದೇ ಉತ್ತರ

ಮೊರದಲ್ಲಿದ್ದ ಅಕ್ಕಿಯನ್ನು ಎರ್ರಮ್ಮ ಮತ್ತೊಮ್ಮೆ ಕೇರಿದಳು. ಕೇರಿ ತೆಗೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಸಿರುಗುಪ್ಪದ ಮಿಲ್ಲಿನಿಂದ ಚೀಲದಲ್ಲಿ ಬರುವ ಸೋನಾ ಅಕ್ಕಿಯಲ್ಲಿ ಈಗ ಕಲ್ಲೂ ಇರುವುದಿಲ್ಲ, ಹೊಟ್ಟೂ ಇರುವುದಿಲ್ಲ. ಮಷೀನೇ ಎಲ್ಲ ನೋಡಿ ಆರಿಸಿರುತ್ತದೆ. ಆದರೂ ಬೆರಳು ಸುಮ್ಮನಿರಲಿಲ್ಲ. ಒಂದು ಕಾಳು ಹಳದಿಯಾಗಿ ಕಂಡಿತು, ತೆಗೆದಳು. ಇನ್ನೊಂದು ನುಚ್ಚಾಗಿತ್ತು, ಅದನ್ನೂ ತೆಗೆದಳು. ತೆಗೆದು ಪಕ್ಕಕ್ಕಿಟ್ಟ ಮೇಲೆ, ಅಲ್ಲ, ಇದು ಬೇಯುವುದಿಲ್ಲವೇನು ಎನ್ನಿಸಿ, ಯಾರಾದರೂ ನೋಡಿದರೋ ಎಂಬಂತೆ ಬಾಗಿಲ ಕಡೆ ಕಣ್ಣು ಹಾಯಿಸಿ, ಎರಡನ್ನೂ ತಿರುಗಿ ಮೊರಕ್ಕೇ ಹಾಕಿದಳು. ಹೊರಗೆ ಕಟ್ಟೆಯ ಮೇಲೆ ಮೊಮ್ಮಗಳು ಭಾಗ್ಯ ಕೂತಿದ್ದಳು. ದಸರಾ ರಜೆ ಮುಗಿಯುತ್ತ ಬಂದಿತ್ತು. ಸೋಮವಾರ ಸಾಲಿ ತೆರೆಯುತ್ತದೆ. ಬುಧವಾರ ಜ್ಯೋತಿಲಕ್ಷ್ಮಿ ಮೇಡಂ ಸಿರುಗುಪ್ಪದಿಂದ ಬಂದು ಹೆಡ್‌ಮಾಸ್ತರ ಮುಂದೆ ಕೂರುತ್ತಾರೆ. ಅಷ್ಟರೊಳಗೆ ಎರ್ರಮ್ಮನ ಕಾಗದ ಅವರ ಕೈಗೆ ಸಿಕ್ಕಿರಬೇಕು. ಇವತ್ತು ಶನಿವಾರ. ಕಾಗದ ಇನ್ನೂ ಬರೆದಿರಲಿಲ್ಲ. ಬರೆಯದಿದ್ದರೆ ಭಾಗ್ಯ ಮಹಡಿಯ ಮೇಲಿನ ಐದನೇ ಕ್ಲಾಸಿನಿಂದ ಕೆಳಗಿನ ಕೋಣೆಗೆ ಹೋಗುತ್ತಾಳೆ.

ಕೆಳಗಿನ ಕೋಣೆಯನ್ನು ಎರ್ರಮ್ಮ ನೋಡಿದ್ದಳು. ಮುರಿದ ಬೆಂಚುಗಳನ್ನು ಪೇರಿಸಿಟ್ಟ ಸ್ಟೋರ್ ರೂಮಿನ ಪಕ್ಕದಲ್ಲಿ, ಹಗಲಲ್ಲೂ ಲೈಟು ಹಾಕಿದ ಒಂದು ಉದ್ದನೆಯ ಕೋಣೆ. ಸಣ್ಣವರು ದೊಡ್ಡವರು ಎನ್ನದೆ ಎಲ್ಲ ಕ್ಲಾಸಿನ ಮಕ್ಕಳು ಅಲ್ಲಿ ಕೂತು ಬಣ್ಣ ತುಂಬುತ್ತಿದ್ದರು. ಬಿಡುವಾದ ಟೀಚರ್ ಯಾರೋ ಬಂದು ಹೋಗುತ್ತಾರಂತೆ. ಬಾಗಿಲಲ್ಲಿ ನಿಂತ ಎರ್ರಮ್ಮನನ್ನು ಒಂದು ಮಗುವೂ ತಲೆಯೆತ್ತಿ ನೋಡಿರಲಿಲ್ಲ. ಅದು ಅವಳಿಗೆ ಬಹಳ ದಿನ ಕಾಡಿತು. ಮಕ್ಕಳೆಂದರೆ ಬಾಗಿಲಿಗೆ ನೆರಳು ಬಿದ್ದರೆ ಸಾಕು, ತಿರುಗಿ ನೋಡುತ್ತವೆ. ಹೆಡ್‌ಮಾಸ್ತರು ಚಿದಾನಂದಪ್ಪನವರು ಕೆಟ್ಟವರಲ್ಲ. ಹುಡುಗಿ ಉಕ್ತಲೇಖನದಲ್ಲಿ ಒಂದು ಸಾಲು ಸರಿಯಾಗಿ ಬರೆಯುವುದಿಲ್ಲ, ಕೇಳಿದರೆ ಬಾಯಿ ಬಿಡುವುದಿಲ್ಲ, ಬೆನ್ನ ಹಿಂದೆ ಟೀಚರುಗಳನ್ನು ಅಣಕಿಸುತ್ತಾಳೆ, ಮೇಲಿಟ್ಟುಕೊಂಡು ನಾನೇನು ಮಾಡಲಿ ಎಂದಿದ್ದರು. ಕೆಳಗೆ ಕಳಿಸುವ ಮೊದಲು ಮನೆಯವರ ಜೊತೆ ಒಮ್ಮೆ ಮಾತಾಡುತ್ತೇನೆ ಎಂದು ಹಟ ಹಿಡಿದವರು ಜ್ಯೋತಿಲಕ್ಷ್ಮಿ ಮೇಡಂ. ಅವರು ಪಾಠ ಮಾಡುವವರಲ್ಲ. ಸಾಲಿಯಿಂದ ಸಾಲಿಗೆ ತಿರುಗಿ ಮಕ್ಕಳ ಮನಸ್ಸು ನೋಡುವವರು. ಎರ್ರಮ್ಮನ ಮಗಳು, ಭಾಗ್ಯಳ ಅವ್ವ ಪಂಪಾವತಿಗೆ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ರಜೆ ಸಿಗಲಿಲ್ಲ, ಲಾರಿಯ ಮೇಲೆ ಹೋಗಿದ್ದ ಅವಳ ಗಂಡ ವಾಲ್ಮೀಕಿ ಎಲ್ಲಿದ್ದನೋ. ಹಾಗಾಗಿ ರಜೆಗೆ ಮೊದಲು ಎರ್ರಮ್ಮ ಒಗೆದು ಮಡಿಚಿಟ್ಟಿದ್ದ ಸೀರೆ ಉಟ್ಟುಕೊಂಡು ಹೋಗಿದ್ದಳು.

ಮೇಡಂ ಕೂತಿದ್ದ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಹೂವಿನ ಚಿತ್ರ, ಅದಕ್ಕೆ ಎಂಟು ಎಸಳು. ಬುದ್ಧಿ ಅನ್ನೋದು ಒಂದೇ ತರ ಇರೋದಿಲ್ಲಮ್ಮ ಎಂದು ಮೇಡಂ ನಿಧಾನವಾಗಿ ಹೇಳಿದ್ದರು. ಮಾತಿನ ಬುದ್ಧಿ ಬೇರೆ, ಲೆಕ್ಕದ ಬುದ್ಧಿ ಬೇರೆ, ದಿಕ್ಕು ಆಕಾರ ಹಿಡಿಯುವ ಬುದ್ಧಿ ಬೇರೆ. ಮೈಕೈಗೂ ಬುದ್ಧಿ ಇರುತ್ತದೆ. ರಾಗ ತಾಳದ್ದೊಂದು, ಗಿಡ ಪ್ರಾಣಿಗಳದ್ದೊಂದು, ಮಂದಿಯನ್ನು ಅರಿಯುವುದೊಂದು, ತನ್ನನ್ನು ತಾನು ಅರಿಯುವುದೊಂದು. ಪರೀಕ್ಷೆಯಲ್ಲಿ ನಾವು ಕೇಳೋದು ಎರಡನ್ನ ಅಷ್ಟೇ. ಉಳಿದವು ಮಗುವಿನಲ್ಲಿದ್ದರೂ ನಮ್ಮ ಕಣ್ಣಿಗೆ ಬೀಳೋದಿಲ್ಲ. ನನ್ನ ಮುಂದೆ ಭಾಗ್ಯ ಬಾಯಿ ಬಿಡಲಿಲ್ಲ, ದಿನವಿಡೀ ಅವಳನ್ನ ನೋಡೋರು ನೀವು, ನೀವೇ ಹೇಳಬೇಕು. ಎರ್ರಮ್ಮನಿಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗಲಿಲ್ಲವೆಂದು ಈಗ ತನಗೆ ತಾನೇ ನೆಪ ಹೇಳಿಕೊಳ್ಳಲು ಬರುವಂತಿರಲಿಲ್ಲ. ಮೇಡಂ ಒಂದೊಂದೇ ಎಸಳಿನ ಮೇಲೆ ಪೆನ್ನಿಟ್ಟು ಕೇಳಿದರು. ಹಾಡ್ತಾಳಾ? ಇಲ್ರಿ, ಆಕಿಗೇನು ಬರ್ತೈತಿ. ಲೆಕ್ಕ? ಇಲ್ರಿ. ಗಿಡ ಗಿಂಡ ಬೆಳೆಸ್ತಾಳಾ? ಇದ್ದದ್ದನ್ನ ಕಿತ್ತು ಹಾಕ್ತಾಳ್ರಿ. ಮಂದಿ ಜೊತೆ ಹೇಗೆ? ದಡ್ಡಿ ಐತ್ರಿ, ಅದಕ್ಕೇನು ತಿಳಿತೈತಿ. ಎಂಟು ಪ್ರಶ್ನೆಗೂ ನಾಲಿಗೆ ತಾನಾಗಿ ಒಂದೇ ಉತ್ತರ ಕೊಟ್ಟಿತು. ಕೊಡುವಾಗ ಒಂಥರಾ ನಿರಾಳವೂ ಆಗಿತ್ತು. ಹೊರಗಿನವರು ಕೂಸನ್ನು ನೋಡಿ ಏನಾದರೂ ಕೇಳಿದರೆ ಹೀಗೇ ಅನ್ನಬೇಕು. ಅವಳ ಅವ್ವ ಹಾಗೇ ಅನ್ನುತ್ತಿದ್ದಳು, ಓಣಿಯ ಹೆಂಗಸರೆಲ್ಲ ಹಾಗೇ ಅನ್ನುತ್ತಾರೆ. ಚೆಂದ ಐತೆಂದರೆ ಕರ್ರಗೈತಿ ಅನ್ನಬೇಕು, ಚೂಟಿ ಐತೆಂದರೆ ದಡ್ಡ ಐತಿ ಅನ್ನಬೇಕು. ಅದು ಕೇಳಿದವರಿಗೂ ಗೊತ್ತಿರುತ್ತದೆ, ಅವರೂ ನಕ್ಕು ಸುಮ್ಮನಾಗುತ್ತಾರೆ. ಆದರೆ ಮೇಡಂ ನಗಲಿಲ್ಲ. ಒಂದೊಂದು ಎಸಳಿನ ಮುಂದೆಯೂ ಸಣ್ಣದೊಂದು ಗೆರೆ ಎಳೆಯುತ್ತ ಹೋದರು, ಅವರ ಮುಖ ಸಪ್ಪಗಾಗುತ್ತ ಬಂತು. ಕೊನೆಗೆ, ನೀವು ಓದು ಬರಹ ಬಲ್ಲವರು ಅಂತ ಕೇಳಿದೀನಮ್ಮ, ಮನೆಗೆ ಹೋಗಿ ಯೋಚನೆ ಮಾಡಿ, ನಿಮ್ಮ ಕೈಯಾರೆ ಒಂದು ಕಾಗದ ಬರೆದು ನನ್ನ ಮನೆಗೆ ಹಾಕಿರಿ, ಹೆಡ್‌ಮಾಸ್ತರ ಮುಂದೆ ಬಾಯಿಮಾತು ನಡೆಯೋದಿಲ್ಲ, ಕಾಗದನೇ ಇಡಬೇಕು ಎಂದು ಸಿರುಗುಪ್ಪದ ವಿಳಾಸ ಬರೆದು ಕೊಟ್ಟಿದ್ದರು. ಎದ್ದು ಹೊರಬಂದರೆ ಬಾಗಿಲ ಪಕ್ಕದಲ್ಲಿ ಭಾಗ್ಯ ನಿಂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ದಾರಿಯುದ್ದಕ್ಕೂ ಕೈ ಹಿಡಿದುಕೊಂಡೇ ಬಂದಳು.

ಕೇಳಿಸಿಕೊಂಡಿದ್ದಳು. ಆ ಸಂಜೆ ಪಂಪಾವತಿ ಯೂನಿಟ್ಟಿನಿಂದ ಬಂದು, ನೀಲಿ ಹತ್ತಿದ ಬೆರಳುಗಳನ್ನು ತಿಕ್ಕಿ ತೊಳೆದುಕೊಂಡು ಚಹಾ ಹಿಡಿದು ಕೂತಾಗ, ಏನಂದರು ಸಾಲ್ಯಾಗ ಎಂದು ಕೇಳಿದಳು. ಎರ್ರಮ್ಮ ಬಾಯಿ ತೆರೆಯುವಷ್ಟರಲ್ಲಿ ಭಾಗ್ಯ ನಡುಮನೆಯಲ್ಲಿ ನಿಂತು ಆಟ ಶುರು ಮಾಡಿದಳು. ಕತ್ತನ್ನು ಒಂದು ಕಡೆ ವಾಲಿಸಿ, ಇಲ್ಲದ ಪೆನ್ನನ್ನು ಹಿಡಿದು, ಗೋಡೆಯ ಮೇಲೆ ಇಲ್ಲದ ಎಸಳನ್ನು ಮುಟ್ಟಿದಳು; ಜ್ಯೋತಿಲಕ್ಷ್ಮಿ ಮೇಡಂ ಬಂದು ನಿಂತರು. ಪಟ್ಟನೆ ತಿರುಗಿ, ಸೆರಗು ಎಳೆದು, ಮೊಣಕಾಲು ಜೋಡಿಸಿ, ಕುರ್ಚಿ ತನ್ನದಲ್ಲ ಎಂಬಂತೆ ಅದರ ತುದಿಗೆ ಕೂತಳು, ಅದು ಎರ್ರಮ್ಮ. ತಾನು ಹಾಗೆ ಕೂತಿದ್ದೆನೆಂದು ಎರ್ರಮ್ಮನಿಗೇ ಗೊತ್ತಿರಲಿಲ್ಲ. ಪಂಪಾವತಿ ನಕ್ಕಳು, ಚಹಾ ಚೆಲ್ಲುವಂತೆ ನಕ್ಕಳು. ಹಾಡ್ತಾಳಾ? ಇಲ್ರಿ, ಆಕಿಗೇನು ಬರ್ತೈತಿ. ದನಿಯೂ ಅದೇ, ಕೊನೆಯಲ್ಲಿ ಮೂಗಿನಿಂದ ಹೊರಡುವ ಆ ಸಣ್ಣ ನಗೆಯೂ ಅದೇ. ಮೂರನೆಯದೋ ನಾಲ್ಕನೆಯದೋ ಉತ್ತರಕ್ಕೆ ಪಂಪಾವತಿಯ ನಗು ನಿಂತಿತು. ಹುಡುಗಿ ನಿಲ್ಲಿಸಲಿಲ್ಲ. ಒಂದನ್ನೂ ಬಿಡದೆ, ಒಂದನ್ನೂ ಹೆಚ್ಚು ಮಾಡದೆ, ಎಂಟನ್ನೂ ಆಡಿ ಮುಗಿಸಿದಳು. ಮುಗಿಸಿ ತನ್ನ ತಟ್ಟೆಯ ಮಂಡಾಳು ತಿನ್ನಲು ಕೂತಳು. ಅವಳು ದೂರಿದ್ದರೆ, ಅತ್ತಿದ್ದರೆ, ಎರ್ರಮ್ಮ ಏನಾದರೂ ಸಮಾಧಾನ ಹೇಳುತ್ತಿದ್ದಳು. ತನ್ನನ್ನೇ ತನ್ನ ಮುಂದೆ ತಂದು ನಿಲ್ಲಿಸಿ ಹೋದವಳಿಗೆ ಏನು ಹೇಳುವುದು.

ಮೊರ ಮೊಣಕಾಲಿನ ಮೇಲೆ ವಾಲಿತು. ಸರಿ ಮಾಡಿಕೊಂಡಳು. ರಾರಾವಿಯ ತವರುಮನೆಯಲ್ಲಿ ಅಕ್ಕಿ ಹಸನು ಮಾಡುವುದೆಂದರೆ ಅರ್ಧ ದಿನದ ಕೆಲಸ. ಆಗ ಹುಲುಗೇಶ ಮೊರದ ಎದುರಿಗೆ ಕೂತು ಕಲ್ಲುಗಳನ್ನು ಒಂದು ಕಡೆ ಗುಡ್ಡೆ ಹಾಕುತ್ತಿದ್ದ. ಅವಳ ಮೊದಲ ಮಗ. ನಾಟಿಗೆಂದು ಹೊಳೆದಂಡೆಯ ಗದ್ದೆಗೆ ಹೋದರೆ ಬದುವಿನ ಮೇಲೆ ಕೂತಿರುತ್ತಿದ್ದ. ಹೆಂಗಸರು ಹಾಡುತ್ತ ಹಾಡುತ್ತ ಸಾಲು ಮರೆತರೆ ಬದುವಿನಿಂದ ಅವನು ಎತ್ತಿಕೊಡುತ್ತಿದ್ದ. ಮಾತೇ ಸರಿಯಾಗಿ ಹೊರಳದ ಕೂಸು. ಒಂದು ದಿನ ಸಾಲಿನಲ್ಲಿದ್ದ ಯಾರೋ, ಎರ್ರೀ, ಎಂಥಾ ಮಗನ್ನ ಹಡದೀಯಲೇ ಎಂದಳು. ಎರ್ರಮ್ಮನಿಗೆ ಆಗ ಹರೆಯ, ಸೊಂಟ ಬಗ್ಗಿದ್ದರೂ ಎದೆ ಉಬ್ಬಿತ್ತು. ಇವನಂಥವನು ಸುತ್ತ ಹಳ್ಳಿಯೊಳಗ ಇಲ್ಲ ತಗಿ ಅಂದುಬಿಟ್ಟಳು. ಕೆಸರಿಗೆ ಬಗ್ಗಿದ್ದ ತಲೆಗಳೆಲ್ಲ ಒಟ್ಟಿಗೆ ಎದ್ದು ಹುಡುಗನ ಕಡೆ ತಿರುಗಿದವು. ಬಿಸಿಲಿಗೆ ಕಿರಿದಾದ ಅಷ್ಟೂ ಕಣ್ಣು. ಆ ವಾರವೇ ಜ್ವರ ಬಂತು. ಆಸ್ಪತ್ರೆಗೆಂದು ಹೊರಟ ಬಂಡಿ ಸಿರುಗುಪ್ಪದ ದಾರಿಯಲ್ಲಿ ಇನ್ನೂ ಊರು ಮುಟ್ಟಿರಲಿಲ್ಲ, ತೊಡೆಯ ಮೇಲಿದ್ದ ಮೈಯ ಕಾವು ಇಳಿಯಿತು. ಜ್ವರ ಬಿಟ್ಟಿತೆಂದು ಅವಳು ಖುಷಿಪಟ್ಟಿದ್ದಳು. ಬಂಡಿಯಲ್ಲಿದ್ದ ಅವ್ವನ ಮುಖ ನೋಡುವತನಕ ಖುಷಿಪಟ್ಟಿದ್ದಳು.

ಅದು ಸೊಳ್ಳೆಯ ಜ್ವರ. ಅದೂ ಅವಳಿಗೆ ಗೊತ್ತಿತ್ತು. ಕುರುಗೋಡಿಗೆ ಗಂಡನ ಮನೆಗೆ ತಿರುಗಿ ಬಂದು, ಪಂಪಾವತಿ ಹುಟ್ಟಿ ನಡೆದಾಡುವಂತಾದ ಮೇಲೆ, ಗುಡ್ಡದ ಕೆಳಗಿನ ಗುಡಿಯ ಮಂಟಪದಲ್ಲಿ ವಿರೂಪಾಕ್ಷಿ ಮಾಸ್ತರು ಹೆಂಗಸರಿಗೆ ರಾತ್ರಿ ಸಾಲಿ ನಡೆಸುತ್ತಿದ್ದರು. ಅಲ್ಲಿ ಅವಳು ಅಕ್ಷರ ಕಲಿತಳು. ಬೆರಳಿಟ್ಟು, ತುಟಿ ಆಡಿಸುತ್ತ, ಒಂದೊಂದೇ ಅಕ್ಷರವನ್ನು ನೆಲದಿಂದ ಎತ್ತಿದಂತೆ ಎತ್ತಿ ಓದುತ್ತಿದ್ದಳು, ಈಗಲೂ ಹಾಗೇ. ಕೊನೆಯ ಪರೀಕ್ಷೆಯಲ್ಲಿ ದೃಷ್ಟಿ ತಾಗುವುದು ನಿಜವೇ ಎಂಬ ಪ್ರಶ್ನೆ ಇತ್ತು. ಅದು ಮೂಢನಂಬಿಕೆ, ಜ್ವರ ರೋಗಾಣುಗಳಿಂದ ಬರುತ್ತದೆ ಎಂದು ಅವಳು ಬರೆದಳು. ಮಾಸ್ತರು ಪೂರ್ತಿ ಮಾರ್ಕು ಹಾಕಿ, ಎಲ್ಲರಿಗೂ ಕೇಳುವಂತೆ ಓದಿಸಿದರು. ಓದಿ ಮನೆಗೆ ಬಂದವಳೇ ಉಪ್ಪು ಮೆಣಸಿನಕಾಯಿ ಹಿಡಿದು ಮಲಗಿದ್ದ ಪಂಪಾವತಿಗೆ ಇಳಿಸಿ ಒಲೆಗೆ ಹಾಕಿದಳು. ಸುಳ್ಳು ಬರೆದಿರಲಿಲ್ಲ, ಬರೆಯುವಾಗ ಅದು ಖರೇ ಎಂದೇ ಬರೆದಿದ್ದಳು. ಮೆಣಸಿನಕಾಯಿ ಚಟಪಟ ಅಂದದ್ದೂ ಖರೇ ಇತ್ತು. ಒಂದೇ ತಲೆಯಲ್ಲಿ ಎರಡೂ ಪಕ್ಕಪಕ್ಕ ಕೂತಿದ್ದವು, ಮಾತಾಡದ ಇಬ್ಬರು ಓರಗಿತ್ತಿಯರ ಹಾಗೆ. ಇಂಥ ಬುದ್ಧಿಗೆ ಮೇಡಮ್ಮರ ಹೂವಿನಲ್ಲಿ ಎಸಳಿತ್ತೋ ಇಲ್ಲವೋ. ಭಾಗ್ಯಳಿಗೂ ದಿನಾ ಬೆಳಿಗ್ಗೆ ಸಾಲಿಗೆ ಹೋಗುವ ಮೊದಲು ಅಂಗಾಲಿಗೆ ಕಾಡಿಗೆಯ ಬೊಟ್ಟು ಇಡುತ್ತಾಳೆ. ಕೆನ್ನೆಗಿಟ್ಟರೆ ಹುಡುಗರು ನಗುತ್ತಾರೆಂದು ಹುಡುಗಿ ಅತ್ತಿದ್ದಳು, ಅದಕ್ಕೆ ಅಂಗಾಲು. ಮೇಲೆ ಕಾಲುಚೀಲ ಬರುತ್ತದೆ, ಯಾರಿಗೂ ಕಾಣುವುದಿಲ್ಲ.

ಕಾಗದ ಬರೆಯಲು ಕೂತಿಲ್ಲವೆಂದಲ್ಲ. ರಜೆಯಲ್ಲಿ ಎಷ್ಟೋ ಮಧ್ಯಾಹ್ನ ಕೂತಿದ್ದಳು. ಭಾಗ್ಯ ಒಳ್ಳೆಯ ಹುಡುಗಿ ಎಂದು ಒಂದು ಸಾಲು ಬರೆದಳೋ, ಹಾಳೆಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದಳು. ಸಮಕ್ಕೆ ತರಲು, ಆದರೆ ಬಹಳ ಹಟ ಮಾಡುತ್ತಾಳೆ ಎಂದು ಸೇರಿಸುತ್ತಿದ್ದಳು. ಮನೆಕೆಲಸಕ್ಕೆ ಕೈ ಜೋಡಿಸುತ್ತಾಳೆ ಎಂದು ಬರೆದರೆ, ಹೇಳಿದ ಮಾತು ಕೇಳುವುದಿಲ್ಲ ಎಂದು ಬರೆಯಲೇಬೇಕಾಗುತ್ತಿತ್ತು. ಹಟದ ಜೊತೆ ಸುಳ್ಳು, ಸುಳ್ಳಿನ ಜೊತೆ ಸೋಮಾರಿತನ ಬಂದು ಸೇರಿ, ಕೊನೆಗೆ ಓದಿ ನೋಡಿದರೆ ಹೆಡ್‌ಮಾಸ್ತರೇ ಹೇಳಿ ಬರೆಸಿದಂತಿತ್ತು. ಹರಿದು ಒಲೆಗೆ ಹಾಕಿದಳು. ಬಾಯಿಮಾತಾದರೆ ಗಾಳಿಗೆ ಹೋಗುತ್ತದೆ. ಬರೆದದ್ದು ಹೋಗುವುದಿಲ್ಲ. ಮೇಡಂ ಓದುತ್ತಾರೆ, ಹೆಡ್‌ಮಾಸ್ತರು ಓದುತ್ತಾರೆ, ಕ್ಲಾರ್ಕು ಓದುತ್ತಾನೆ, ಅಲಮಾರದೊಳಗಿಟ್ಟದ್ದನ್ನು ಮುಂದಿನ ವರ್ಷ ಯಾರೋ ಗೊತ್ತಿಲ್ಲದವರು ತೆಗೆದು ಓದುತ್ತಾರೆ. ಎಷ್ಟು ಕಣ್ಣು. ಅದರ ಮೇಲೆ ಅಕ್ಷರದ ಭಯ ಬೇರೆ. ಎಲ್ಲಿ ಕಾಲು, ಎಲ್ಲಿ ಕೊಂಬು ಎಂದು ಅನುಮಾನ ಬಂದಾಗಲೆಲ್ಲ, ಇದನ್ನು ಓದಿದವರು ಅಜ್ಜಿಯೇ ಹೀಗಿದ್ದ ಮೇಲೆ ಮೊಮ್ಮಗಳು ಇನ್ನೇನು ಅನ್ನುವುದಿಲ್ಲವೇ ಎಂದು ಪೆನ್ನು ನಿಲ್ಲುತ್ತಿತ್ತು.

ಇವತ್ತು ಬೆಳಿಗ್ಗೆ ಪಂಪಾವತಿ ಡಬ್ಬಿ ಕಟ್ಟಿಕೊಂಡು ಹೊರಟವಳು ಚಪ್ಪಲಿ ಮೆಟ್ಟಿ ನಿಂತು, ಬರದ್ಯಾ ಎಂದು ಕೇಳಿದ್ದಳು. ಕೂಸಿಗೆ ದಿಷ್ಟಿ ಆಗಬಾರದಂತ ಅಂದಿದ್ದು, ನಿನಗ ಗೊತ್ತಿಲ್ಲೇನು ಎಂದು ಎರ್ರಮ್ಮ ಗೊಣಗಿದಳು. ಬೈಗುಳ ಬರುತ್ತದೆಂದು ಕಾದಳು. ಪಂಪಾವತಿ ಬೈಯಲಿಲ್ಲ. ಹೊಸ್ತಿಲ ಆಚೆ ನಿಂತು, ಬೀದಿಯ ಕಡೆ ಮುಖ ಮಾಡಿ ಹೇಳಿದಳು.

"ನನಗೂ ಹಂಗಾ ಅಂತಿದ್ದಿ. ಬಂದೋರ ಮುಂದ, ಹೋದೋರ ಮುಂದ. ದಿಷ್ಟಿಗಂತ ಅಂತೀ ಅನ್ನೋದು ನನಗೆ ಯಾರು ಹೇಳಿದ್ರು? ನಾ ನಂಬಿದ್ದೆವ್ವ."

ಆಟೋ ಬಂತು, ಯೂನಿಟ್ಟಿನ ಹೆಂಗಸರು ಒತ್ತಿಕೊಂಡು ಜಾಗ ಮಾಡಿದರು, ಹೋಯಿತು. ಎರ್ರಮ್ಮ ಆಗ ಮೊರ ತೆಗೆದುಕೊಂಡು ಕೂತವಳು ಇನ್ನೂ ಎದ್ದಿರಲಿಲ್ಲ. ನಂಬಿದ್ದೆವ್ವ. ಏಳನೇ ಕ್ಲಾಸು ಮುಗಿದಾಗ, ಇನ್ನು ಸಾಲಿ ಸಾಕು, ನನಗೆ ತಲಿಗೆ ಹತ್ತಂಗಿಲ್ಲ ಎಂದು ಪಂಪಾವತಿ ತಾನೇ ಪಾಟೀಚೀಲ ಮೊಳೆಗೆ ನೇತುಹಾಕಿದ್ದಳು. ಯಾರೂ ಬಿಡಿಸಿರಲಿಲ್ಲ. ಹುಡುಗಿಗೆ ತನ್ನ ಅಳವು ತನಗೆ ತಿಳಿದಿದೆ ಎಂದು ಗಂಡ ಹೇಳಿದಾಗ ಎರ್ರಮ್ಮ ತಲೆಯಾಡಿಸಿದ್ದಳು. ತನ್ನನ್ನು ತಾನು ಅರಿಯುವ ಬುದ್ಧಿ, ಏಳನೆಯದೋ ಎಂಟನೆಯದೋ ಎಸಳು. ಅರಿತದ್ದಲ್ಲ ಅದು. ಕೇಳಿಸಿಕೊಂಡದ್ದು. ಕಾಪಾಡಲೆಂದು ಮಗಳ ಸುತ್ತ ಕಟ್ಟಿದ ಬೇಲಿಯೊಳಗೆ ಮಗಳು ಕೂತೇ ಇದ್ದಳು, ಹೊರಗೆ ಬರಬಹುದೆಂದು ಗೊತ್ತಿಲ್ಲದೆ. ಜೀವವೇನೋ ಉಳಿಯಿತು. ಉಳಿಯಿತಲ್ಲ, ಅಷ್ಟು ಸಾಲದೇ ಎಂದು ಒಂದು ಮನಸ್ಸು ಕೇಳಿತು. ಕೋಟೆಗುಡ್ಡದ ಬಂಡೆಗಳಿಗೆ ಬಿಸಿಲು ಏರಿ ಓಣಿಯ ಗೋಡೆಗಳೂ ಕಾಯತೊಡಗಿದ್ದವು.

ಹೊರಗೆ ಎದುರುಮನೆಯ ಸುಂಕಣ್ಣನ ದನಿ ಕೇಳಿತು. ಲಕ್ವ ಹೊಡೆದಾಗಿನಿಂದ ಅವನ ಬಾಯಿ ಒಂದು ಕಡೆ ಎಳೆದುಹೋಗಿದೆ. ಅವನಾಡುವುದು ಅವನ ಸೊಸೆಗೂ ತಿಳಿಯುವುದಿಲ್ಲ; ಬೆಳಿಗ್ಗೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಹೋಗಿಬರುವವರನ್ನು ಕರೆಯುತ್ತಾನೆ, ಹೋಗಿಬರುವವರು ಹ್ಞೂಂ ಹ್ಞೂಂ ಎಂದು ದಾಟುತ್ತಾರೆ. ಈಗಲೂ ಅದನ್ನೇ ಮತ್ತೆ ಮತ್ತೆ ಅಂದ. ಸೊಸೆ ಒಳಗಿನಿಂದ ನೀರು ತಂದಳು, ಅದಲ್ಲ. ಟವೆಲ್ಲು ತಂದಳು, ಅದೂ ಅಲ್ಲ. ಭಾಗ್ಯ ಕಟ್ಟೆಯಿಂದ ಇಳಿದು ಹೋಗಿ ಅವನೆದುರು ಕುಕ್ಕರಗಾಲಲ್ಲಿ ಕೂತಳು. ತನ್ನ ಬಾಯಿಯನ್ನೂ ಅವನಂತೆಯೇ ಒಂದು ಕಡೆ ಎಳೆದುಕೊಂಡಳು, ಆ ಕಡೆಯ ಕಣ್ಣನ್ನೂ ಅರ್ಧ ಮುಚ್ಚಿದಳು, ಅವನಂದದ್ದನ್ನು ಅವನ ಹಾಗೇ ಅಂದಳು. ಎರ್ರಮ್ಮನ ನಾಲಿಗೆಗೆ ಬೈಗುಳ ಬಂತು. ಮೊದಲೊಮ್ಮೆ ಇದನ್ನೇ ಕಂಡು, ಮುದುಕನ್ನ ಅಣಕಿಸ್ತೀಯೇನಲೇ ಎಂದು ಬೆನ್ನಿಗೆ ಕೊಟ್ಟಿದ್ದಳು. ಇವತ್ತು ಮೊರ ತೊಡೆಯ ಮೇಲಿತ್ತು, ಏಳುವುದು ತಡವಾಯಿತು. ತಡವಾದದ್ದರಿಂದ ನೋಡಿದಳು. ಸುಂಕಣ್ಣ ಸಿಟ್ಟಾಗಿರಲಿಲ್ಲ. ಕಾಯುತ್ತಿದ್ದ. ಹುಡುಗಿ ಆ ಸೊಟ್ಟ ಬಾಯೊಳಗೇ ಮಾತನ್ನು ಇನ್ನೊಮ್ಮೆ ಹೊರಳಿಸಿದಳು, ಮತ್ತೂ ಒಮ್ಮೆ, ರುಚಿ ನೋಡುವವಳಂತೆ. ಆಮೇಲೆ ಬಾಯಿ ನೆಟ್ಟಗೆ ಮಾಡಿಕೊಂಡು ಒಳಗೆ ಕೂಗಿದಳು.

"ಅತ್ತೀ, ಕುರ್ಚಿ ತಿರುಗಿಸಬೇಕಂತ. ತಾತಗ ಬಿಸಿಲು ಕಣ್ಣಿಗೆ ಹೊಡಿಯಾಕತ್ತೈತಿ."

ಕುರ್ಚಿ ತಿರುಗಿಸಿದರು. ಮುದುಕ ಸುಮ್ಮನಾದ. ಭಾಗ್ಯ ಬಂದು ಕಟ್ಟೆಯ ಮೇಲೆ ಮೊದಲಿನಂತೆ ಕೂತಳು, ಏನೂ ಆಗಿಲ್ಲವೆಂಬಂತೆ ಕಾಲು ಆಡಿಸುತ್ತ.

ಎರ್ರಮ್ಮ ಮೊರವನ್ನು ಹಾಗೇ ನೆಲಕ್ಕಿಟ್ಟಳು. ಟ್ರಂಕಿನ ಮೇಲಿದ್ದ ಹಾಳೆ ತೆಗೆದು, ಅದರ ಕೆಳಗೆ ಕ್ಯಾಲೆಂಡರಿನ ರಟ್ಟು ಇಟ್ಟುಕೊಂಡು ಬರೆದಳು. ನಿಲ್ಲಿಸಿದರೆ 'ಆದರೆ' ಎಂಬ ಮಾತು ಬಂದುಬಿಡುತ್ತದೆಂದು ನಿಲ್ಲಿಸದೆ ಬರೆದಳು. ಕಾಲು ಕೊಂಬು ಎಲ್ಲಿ ಬಿದ್ದವೋ ನೋಡಲಿಲ್ಲ.

ಜ್ಯೋತಿಲಕ್ಷ್ಮಿ ಮೇಡಮ್ಮರಿಗೆ ಎರ್ರಮ್ಮ ಮಾಡುವ ನಮಸ್ಕಾರ. ಅವತ್ತು ನಾನು ಹೇಳಿದ್ದು ಯಾವುದೂ ಖರೇ ಅಲ್ಲ. ನಮ್ಮಲ್ಲಿ ಕೂಸನ್ನು ಹೊಗಳಬಾರದು, ಅದಕ್ಕೆ ಹೇಳಿದೆ. ನಮ್ಮ ಭಾಗ್ಯ ಟೀಚರುಗಳನ್ನು ಅಣಕಿಸುತ್ತಾಳೆ ಅನ್ನುತ್ತಾರೆ. ಅದು ಅಣಕ ಅಲ್ಲ. ಆಕೆ ಮನುಷ್ಯರನ್ನು ಹಾಗೆ ಓದುತ್ತಾಳೆ. ನಾನು ಬೆರಳಿಟ್ಟು ಓದಿದ ಹಾಗೆ ಆಕೆ ತನ್ನ ಮೈಯಿಟ್ಟು ಓದುತ್ತಾಳೆ. ನಮ್ಮ ಎದುರುಮನೆಯ ಸುಂಕಣ್ಣನ ಮಾತು ಅವರ ಮನೆಯವರಿಗೇ ತಿಳಿಯುವುದಿಲ್ಲ, ಈಕೆಗೆ ತಿಳಿಯುತ್ತದೆ. ನಿಮ್ಮ ಹೂವಿನಲ್ಲಿ ಇದು ಮೈಯ ಎಸಳೋ, ಮಂದಿಯ ಎಸಳೋ ನನಗೆ ತಿಳಿಯಲಿಲ್ಲ, ಎರಡರ ನಡುವೆ ಇದ್ದೀತು. ಉಕ್ತಲೇಖನ ಬರುವುದಿಲ್ಲ, ಅದನ್ನು ಕಲಿಸಿರಿ. ಕೆಳಗಿನ ಕೋಣೆಗೆ ಹಾಕಬೇಡಿರಿ. ಅಲ್ಲಿ ಬಾಗಿಲಿಗೆ ಬಂದವರನ್ನು ಯಾರೂ ನೋಡುವುದಿಲ್ಲ, ಈಕೆ ಯಾರನ್ನು ಓದಬೇಕು. ನಮ್ಮ ಭಾಗ್ಯ ಬಹಳ ಜಾಣೆ ಇದ್ದಾಳೆ.

ಕೊನೆಯ ಸಾಲು ಬರೆದಾದ ಮೇಲೆ ಪೆನ್ನು ಕೈಯಿಂದ ಜಾರಿತು. ಜಾಣೆ. ಹಾಳೆಯ ಮೇಲೆ ಒಬ್ಬಂಟಿಯಾಗಿ, ಬದುವಿನ ಮೇಲೆ ಕೂತ ಕೂಸಿನ ಹಾಗೆ, ಎಲ್ಲರ ಕಣ್ಣಿಗೂ ಬೀಳುವಂತೆ ಕೂತಿತ್ತು. ಹೊಡೆದು ಹಾಕಿಬಿಡಲೇ ಎಂದು ಪೆನ್ನು ಎತ್ತಿಕೊಂಡಳು. ಈ ಕಾಗದ ಹೋಗುವುದೂ ಸಿರುಗುಪ್ಪದ ದಾರಿಯಲ್ಲೇ. ರೋಗಾಣುಗಳಿಂದ ಎಂದು ಬರೆದ ಕೈ ಇದೇ, ಉಪ್ಪು ಮೆಣಸಿನಕಾಯಿ ಇಳಿಸಿದ ಕೈಯೂ ಇದೇ. ಮಗಳು ಬೆಳಿಗ್ಗೆ ಬೀದಿಯ ಕಡೆ ಮುಖ ಮಾಡಿ ನಿಂತದ್ದು ಕಣ್ಣ ಮುಂದೆ ಬಂತು. ಎದ್ದು, ದೇವರ ಗೂಡಿನಲ್ಲಿದ್ದ ಕಾಡಿಗೆಯ ಭರಣಿ ತೆಗೆದಳು. ಉಂಗುರದ ಬೆರಳಿನ ತುದಿಗೆ ಹಚ್ಚಿಕೊಂಡು, ಆ ಸಾಲಿನ ಪಕ್ಕದಲ್ಲಿ, ಕೂಸಿನ ಕೆನ್ನೆ ಇರುವಂಥ ಜಾಗದಲ್ಲಿ, ದುಂಡಗೆ ಒಂದು ಕರಿ ಬೊಟ್ಟು ಇಟ್ಟಳು. ಆರುವತನಕ ಊದಿದಳು.

ಭಾಗ್ಯ ಒಳಗೆ ಬಂದು, ಕಾಡಿಗೆ ಕಂಡವಳೇ ಅಭ್ಯಾಸಬಲದಿಂದ ಒಂದು ಕಾಲು ಮೇಲೆತ್ತಿ ಅಂಗಾಲು ತೋರಿಸಿದಳು. ಎರ್ರಮ್ಮ ಬೆರಳನ್ನು ತನ್ನ ಸೆರಗಿಗೆ ಒರೆಸಿಕೊಂಡಳು. ಏನು ಬರದಿ ಅಜ್ಜಿ, ನಾ ದಡ್ಡಿ ಅಂತನಾ ಎಂದು ಹುಡುಗಿ ಸಹಜವಾಗಿ ಕೇಳಿದಳು. ಅಲ್ಲವೆಂದು ಬಾಯಿಬಿಟ್ಟು ಹೇಳಲು ಎರ್ರಮ್ಮನಿಂದ ಆಗಲಿಲ್ಲ. ಆ ಮಾತಿಗೆ ಅವಳ ನಾಲಿಗೆ ಎಂದೂ ಪಳಗಿರಲಿಲ್ಲ. ಹಾಳೆಯನ್ನೇ ಕೈಗೆ ಕೊಟ್ಟಳು. ಭಾಗ್ಯ ನೆಲಕ್ಕೆ ಕೂತು, ಹಾಳೆಯ ಮೇಲೆ ಬೆರಳಿಟ್ಟು, ತುಟಿ ಆಡಿಸುತ್ತ ಓದತೊಡಗಿದಳು. ತನ್ನನ್ನು ಅಣಕಿಸುತ್ತಿದ್ದಾಳೆಂದು ಎರ್ರಮ್ಮನಿಗೆ ಒಂದು ಗಳಿಗೆ ಅನ್ನಿಸಿತು. ಅಣಕವಾಗಿರಲಿಲ್ಲ. ಒತ್ತಕ್ಷರ ಬಂದಲ್ಲಿ ಹುಡುಗಿಯ ಹಣೆ ಗಂಟಾಗುತ್ತಿತ್ತು, ಬೆರಳು ಹಿಂದಕ್ಕೆ ಬಂದು ಮತ್ತೆ ಮುಂದೆ ಹೋಗುತ್ತಿತ್ತು. ಎರ್ರಮ್ಮ ಒಂದು ಅಕ್ಷರವನ್ನೂ ಹೇಳಿಕೊಡದೆ ಕಾದಳು. ಕಾಯುವುದು ಅವಳಿಗೆ ಬರುತ್ತಿತ್ತು. ಬೆರಳು ಕೊನೆಯ ಸಾಲಿಗೆ ಬಂದು, ಜಾಣೆಯ ಮೇಲೆ ಬಹಳ ಹೊತ್ತು ನಿಂತಿತು.

"ಇಲ್ಲಿ ಮಸಿ ಬಿದ್ದೈತಜ್ಜಿ," ಎಂದಳು ಭಾಗ್ಯ, ತಲೆಯೆತ್ತದೆ.

"ಇರ್ಲಿ ಬಿಡು."

ಇಬ್ಬರೂ ಪೋಸ್ಟಾಫೀಸಿನ ತನಕ ನಡೆದರು. ಕವರಿಗೆ ಅಂಟು ಹಚ್ಚಿ, ಸಿರುಗುಪ್ಪದ ವಿಳಾಸವನ್ನು ಬೆರಳಿಟ್ಟು ಇನ್ನೊಮ್ಮೆ ಓದಿ, ಎರ್ರಮ್ಮ ಕೆಂಪು ಡಬ್ಬಿಯ ಬಾಯೊಳಗೆ ಕೈಯಿಟ್ಟಳು. ಕವರು ಒಳಗಿತ್ತು, ಬೆರಳು ಬಿಡಲಿಲ್ಲ. ಹಿಂದೆ ನಿಂತವನೊಬ್ಬ ಬೇಗ ಹಾಕವ್ವ, ಟಪಾಲು ತೆಗೆಯೋ ಹೊತ್ತಾತು ಎಂದ. ಭಾಗ್ಯ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಾಯಿತು, ಕೆಳತುಟಿ ಹಲ್ಲಿಗೆ ಸಿಕ್ಕಿತು, ಕತ್ತಿನ ನರ ಬಿಗಿಯಿತು. ಎರ್ರಮ್ಮನ ಅಂಜಿಕೆ ಅಷ್ಟೂ ಆ ಪುಟ್ಟ ಮುಖದ ಮೇಲೆ ಬಂದು ಕೂತಿತು. ಆಮೇಲೆ ಹುಡುಗಿ ಉಸಿರು ಬಿಟ್ಟಳು. ತುಟಿ ಸಡಿಲವಾಯಿತು, ಹುಬ್ಬು ಬಿಚ್ಚಿತು. ಅದನ್ನು ನೋಡುತ್ತ ಎರ್ರಮ್ಮನೂ ಉಸಿರು ಬಿಟ್ಟಳು, ಬೆರಳು ಬಿಟ್ಟವು. ಕವರು ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿತು.